ಎರಡು ಕಾಲದ ಗುಡ್ಡ

ನಕ್ಷೆ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಹದ್ದಮ್ಮ ಎನ್ನುತ್ತಿದ್ದರು. ಹೆಸರಿಟ್ಟವನು ಪಕ್ಕದ ಮೇಜಿನ ನಕ್ಷೆಗಾರ. ನಾಡಿನ ಅರ್ಧ ಭಾಗವನ್ನು ಮೇಲಿನಿಂದ ನೋಡಿದ ಹೆಂಗಸಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ ಎಂಬುದು ಅವನ ವಾದ. ನಿಜ ಹೇಳಬೇಕೆಂದರೆ ಹದ್ದಮ್ಮ ಒಂದು ಸಲವೂ ವಿಮಾನ ಹತ್ತಿದವಳಲ್ಲ. ಅಟ್ಟದ ಮೇಲಿನ ಡಬ್ಬ ಇಳಿಸಲು ಸ್ಟೂಲು ಹತ್ತಬೇಕಾದರೂ ಗಂಡನನ್ನು ಕರೆಯುವವಳು. ಅವನು ಸ್ಟೂಲಿನ ಕಾಲು ಹಿಡಿದರೆ ಸಾಲದು, ಆಕೆಯ ಕಾಲನ್ನೂ ಹಿಡಿಯಬೇಕು. ಇದನ್ನು ಯಾರಾದರೂ ಎತ್ತಿ ಆಡಿದರೆ, ಹದ್ದಿನ ಕೆಲಸ ನೋಡುವುದು, ಹಾರುವುದು ಅದರ ಕರ್ಮ ಎಂದು ಹೇಳಿ ಮತ್ತೆ ಕೆಲಸಕ್ಕೆ ಬಾಗುತ್ತಿದ್ದಳು.

ಆಕೆಯ ಕೆಲಸಕ್ಕೆ ಪುಸ್ತಕದಲ್ಲಿ ದೂರಸಂವೇದನೆ ಎಂಬ ಹೆಸರಿದೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಮುಟ್ಟದೆ ತಿಳಿಯುವುದು, ಅಷ್ಟೇ. ಒಲೆಯ ಮೇಲಿನ ಬಾಣಲೆ ಕಾದಿದೆಯೇ ಎಂದು ಅಂಗೈಯನ್ನು ಗೇಣು ದೂರ ಹಿಡಿದು ನೋಡುವವರೆಲ್ಲ ಅದನ್ನೇ ಮಾಡುತ್ತಾರೆ. ಮಗುವಿನ ಮುಖದ ಬಣ್ಣ ನೋಡಿ ಜ್ವರ ಎನ್ನುವ ತಾಯಿ ಮಾಡುವುದೂ ಅದೇ. ವಸ್ತುವಿನಿಂದ ಹೊರಟ ಬೆಳಕೋ ಶಾಖವೋ ನಮ್ಮವರೆಗೆ ಬರುತ್ತದೆ, ಅದನ್ನು ಹಿಡಿದು ನಾವೊಂದು ತೀರ್ಮಾನಕ್ಕೆ ಬರುತ್ತೇವೆ. ತೀರ್ಮಾನ ತಪ್ಪಲೂಬಹುದು. ಕಾಣುವುದು ಕಣ್ಣಿನ ಕೆಲಸ, ತಪ್ಪದಂತೆ ಕಾಣುವುದು ವಿದ್ಯೆ.

ಆ ಕಾಲದಲ್ಲಿ ಈ ವಿದ್ಯೆ ಬಹುಮಟ್ಟಿಗೆ ವಿಮಾನದಿಂದ ತೆಗೆದ ಚಿತ್ರಗಳನ್ನೇ ನೆಚ್ಚಿಕೊಂಡಿತ್ತು. ವಿಮಾನ ನೇರ ಗೆರೆಯಲ್ಲಿ ಹಾರುತ್ತ, ಹೊಟ್ಟೆಯಲ್ಲಿಟ್ಟ ಕ್ಯಾಮೆರಾದಿಂದ ನೆಲದ ಚಿತ್ರವನ್ನು ಒಂದಾದ ಮೇಲೊಂದು ತೆಗೆಯುತ್ತದೆ. ಒಂದು ಚಿತ್ರದಲ್ಲಿ ಬಂದ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನ ಚಿತ್ರದಲ್ಲೂ ಬರಬೇಕು ಎಂಬುದು ನಿಯಮ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪು ಎಂಬ ಜೋಡಿ ಮಸೂರದ ಸಾಧನದ ಕೆಳಗಿಟ್ಟು, ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಇನ್ನೊಂದು ಕಾಣುವಂತೆ ಸರಿಸುತ್ತ ಹೋದರೆ, ಮೊದಲು ಎಲ್ಲವೂ ಎರಡೆರಡಾಗಿ ಕಾಣುತ್ತದೆ, ಆಮೇಲೆ ಒಂದು ಕ್ಷಣದಲ್ಲಿ ಎರಡೂ ಕೂಡಿಕೊಂಡು ಚಪ್ಪಟೆ ಕಾಗದದಿಂದ ಗುಡ್ಡ ಎದ್ದು ನಿಲ್ಲುತ್ತದೆ, ಕಣಿವೆ ಕೆಳಗಿಳಿಯುತ್ತದೆ, ಮನೆಗಳ ಮೇಲೆ ಮಾಡು ಕೂರುತ್ತದೆ. ನಮ್ಮ ಎರಡು ಕಣ್ಣುಗಳು ಎರಡು ಜಾಗದಿಂದ ನೋಡುವುದರಿಂದಲೇ ಲೋಟ ಎಷ್ಟು ದೂರದಲ್ಲಿದೆ ಎಂದು ಕೈಗೆ ಗೊತ್ತಾಗುವುದು. ವಿಮಾನ ಆ ಎರಡು ಕಣ್ಣುಗಳ ನಡುವಿನ ದೂರವನ್ನು ಊರಿನಷ್ಟು ಅಗಲ ಮಾಡುತ್ತದೆ, ಅದರ ಉಪಕಾರ ಇಷ್ಟೇ.

ಎಲ್ಲರಿಗೂ ಈ ಕೂಡಿಕೆ ಬರುವುದಿಲ್ಲ. ಕೆಲಸಕ್ಕೆ ಸೇರುವಾಗ ಇದಕ್ಕೊಂದು ಪರೀಕ್ಷೆಯಿತ್ತು. ಭೂಗೋಳದಲ್ಲಿ ಹದ್ದಮ್ಮನಿಗಿಂತ ಹೆಚ್ಚು ಅಂಕ ಪಡೆದವರು ಮಸೂರದ ಮುಂದೆ ಕೂತು ತಲೆನೋವು ಹಿಡಿಸಿಕೊಂಡು ಎದ್ದರು. ಆಕೆಗೆ ಕೂತ ಕೂಡಲೇ ಗುಡ್ಡ ಎದ್ದಿತು. ಇದರಲ್ಲಿ ಆಕೆಯ ಹೆಚ್ಚುಗಾರಿಕೆ ಏನೂ ಇಲ್ಲ, ಕೆಲವರಿಗೆ ಹುಟ್ಟಿನಿಂದ ಶ್ರುತಿ ಹಿಡಿಯಲು ಬರುವಂತೆ. ಹೆಚ್ಚುಗಾರಿಕೆ ಇದ್ದದ್ದು ಕೂತ ಜಾಗದಲ್ಲಿ ಕೂತೇ ಇರುವುದರಲ್ಲಿ. ಉತ್ತರಕ್ಕೆ ಕಿಟಕಿಯಿದ್ದ ಉದ್ದನೆಯ ಕೋಣೆ, ಹಸಿರು ರೆಕ್ಸಿನ್ ಹೊದಿಸಿದ ಮೇಜು, ಕತ್ತರಿ, ಮೊನೆಮಾಡಿದ ಪೆನ್ಸಿಲುಗಳು. ಕಾಡೆಲ್ಲಿ ಸವೆದಿದೆ, ಹೊಳೆ ಎಲ್ಲಿ ದಂಡೆ ತಿಂದಿದೆ, ರಸ್ತೆ ಎಲ್ಲಿ ಹಾಯಬಹುದು, ಬಾವಿ ಎಲ್ಲಿ ತೋಡಿದರೆ ನೀರು ಸಿಕ್ಕೀತು, ಇವೇ ಪ್ರಶ್ನೆಗಳು ವರ್ಷಗಟ್ಟಲೆ ಆ ಮೇಜಿನ ಮೇಲೆ ಬಂದು ಹೋದವು.

ಗಂಡ ಗಡಿಯಾರ ರಿಪೇರಿಯವನು. ಪೇಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಷ್ಟು ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಇನ್ನೊಂದನ್ನು ಮುಚ್ಚಿಕೊಂಡು ದಿನವೆಲ್ಲ ಕೂರುತ್ತಿದ್ದ. ನಮ್ಮ ಮನೆ ನಡೆಯುವುದು ಮೂರು ಕಣ್ಣಿನ ಸಂಪಾದನೆಯಲ್ಲಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಮಾತು ಕಡಿಮೆ, ಹೇಳಿದ ಒಂದೇ ಹಾಸ್ಯವನ್ನು ಮತ್ತೆ ಮತ್ತೆ ಹೇಳುವ ಸ್ವಭಾವ. ಗಂಡ ಹೆಂಡತಿ ಇಬ್ಬರೂ ಸಂಜೆ ಮನೆಗೆ ಬಂದು ಕಣ್ಣಿಗೆ ತಣ್ಣೀರು ಹಾಕಿಕೊಂಡು ಸುಮ್ಮನೆ ಕೂರುವವರು. ಮಕ್ಕಳಿರಲಿಲ್ಲ. ಆ ವಿಷಯದಲ್ಲಿ ಅವರಿಗಿಂತ ಹೆಚ್ಚು ಚಿಂತೆ ಮಾಡಿದವರು ಬೀದಿಯವರು.

ಅವನಿಗೆ ಒಬ್ಬಳೇ ಅಕ್ಕ. ತಾಯಿತಂದೆ ಹೋದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅಕ್ಕ ಹೊಲಿಗೆ ಕಲಿತು, ಹೊಲಿದು, ಅವನನ್ನು ಸಾಕಿದಳು. ತಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಳತೆಗೆ ಸರಿಹೋಗುವವರು ಯಾರೂ ಬರಲಿಲ್ಲ ಎಂದು ಟೇಪು ತೋರಿಸುತ್ತಿದ್ದಳು. ಊರಿನ ಮೇಲ್ಭಾಗದ ಗುಡ್ಡದ ಓರೆಯಲ್ಲಿ, ಮೆಟ್ಟಿಲು ಬೀದಿ ಎಂಬಲ್ಲಿ ತನ್ನದೇ ದುಡಿಮೆಯಿಂದ ಮನೆ ಕಟ್ಟಿಕೊಂಡಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಯಲ್ಲಿ ಲೋಲಕದ ದೊಡ್ಡ ಗಡಿಯಾರ. ಅದು ತಮ್ಮನ ಮೊದಲ ಗಳಿಕೆಯ ಕಾಣಿಕೆ. ಹದ್ದಮ್ಮನಿಗೆ ಅವಳು ಅತ್ತಿಗೆ. ಅತ್ತಿಗೆಯ ನಾಲಿಗೆ ಕತ್ತರಿಯ ಜೊತೆ ಬೆಳೆದದ್ದು.

ಒಮ್ಮೆ ಹದ್ದಮ್ಮ ರದ್ದಾದ ಬಣ್ಣದ ಚಿತ್ರವೊಂದನ್ನು ತೋರಿಸಲು ತಂದಿದ್ದಳು. ಅದರಲ್ಲಿ ತೋಟ, ಕಾಡು ಎಲ್ಲವೂ ರಕ್ತದಂತೆ ಕೆಂಪು, ಕೆರೆ ಕಪ್ಪು. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು, "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರೆ. ನಿಮ್ಮ ಕಚೇರಿಗೆ ಯಾವ ಕಾಯಿಲೆಯಮ್ಮ?" ಎಂದಳು. ಹದ್ದಮ್ಮ ವಿವರಿಸಿದಳು: ಬಲವಾದ ಎಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಹಳವಾಗಿ ಹಿಂದಕ್ಕೆ ಎಸೆಯುತ್ತದೆ, ಈ ಫಿಲ್ಮು ಅದನ್ನು ಹಿಡಿದು ಕೆಂಪಾಗಿ ತೋರಿಸುತ್ತದೆ, ಗಿಡಕ್ಕೆ ರೋಗ ಬಂದರೆ, ನಮ್ಮ ಕಣ್ಣಿಗೆ ಎಲೆ ಇನ್ನೂ ಹಸಿರಾಗಿರುವಾಗಲೇ ಚಿತ್ರದಲ್ಲಿ ಕೆಂಪು ಮಂಕಾಗುವುದುಂಟು. ಅತ್ತಿಗೆ ಕೇಳಿಕೊಂಡು, ಮರಕ್ಕಿರುವ ಮರ್ಯಾದೆ ಮನುಷ್ಯರಿಗಿಲ್ಲ, ನನ್ನ ಸೊಂಟ ನೋಯುವುದು ಯಾವ ಫಿಲ್ಮಿಗೂ ಬೀಳುವುದಿಲ್ಲ ಎಂದಳು. ಅವಳು ಒಪ್ಪಿಕೊಂಡಳೋ ಇಲ್ಲವೋ ಎಂಬುದು ಯಾವಾಗಲೂ ಹೀಗೆ ಅಸ್ಪಷ್ಟವಾಗಿಯೇ ಉಳಿಯುತ್ತಿತ್ತು.

ಹದ್ದಮ್ಮನ ನಡುವಯಸ್ಸಿನಲ್ಲಿ ಊರಿನ ಆಡಳಿತ ಮೆಟ್ಟಿಲು ಬೀದಿಯನ್ನು ಇನ್ನೂ ಮೇಲಕ್ಕೆ ಬೆಳೆಸಲು ಹೊರಟಿತು. ಹೊಸ ಮನೆಗಳಿಗೆ ಜಾಗ ಗುರುತಿಸಲು ಗುಡ್ಡದ ಇಳಿಜಾರಿನ ನಕ್ಷೆ ಬೇಕೆಂದು ಕೇಳಿತು. ಹೊಸದಾಗಿ ವಿಮಾನ ಹಾರಿಸಿ ಚಿತ್ರ ತೆಗೆದಾಗಿತ್ತು. ಸುಮಾರು ಹತ್ತು ವರ್ಷ ಹಳೆಯ ಚಿತ್ರಗಳೂ ಕಪಾಟಿನಲ್ಲಿದ್ದವು. ಎರಡು ಸಲವೂ ವಿಮಾನ ಹಾರಿದ್ದು ಒಂದೇ ಗೆರೆಯಲ್ಲಿ, ಚಿತ್ರಗಳ ಸಂಖ್ಯೆಗಳೂ ಒಂದೇ. ಬೇರೆ ಇದ್ದದ್ದು ಬಿಳಿ ಅಂಚಿನಲ್ಲಿ ಅಚ್ಚಾದ ತಾರೀಕು ಮಾತ್ರ. ಆದರೆ ಮೇಜಿನ ಸಣ್ಣ ಸ್ಟೀರಿಯೋಸ್ಕೋಪಿನ ಕೆಳಗೆ ಚಿತ್ರಗಳು ಹತ್ತಿರ ಕೂರಲಿ ಎಂದು ಆ ಅಂಚನ್ನು ಕತ್ತರಿಸಿಬಿಡುವುದು ಆ ಕೋಣೆಯ ಹಳೆಯ ಚಾಳಿ. ತಾರೀಕನ್ನು ಹಿಂಬದಿಯಲ್ಲಿ ಬರೆದಿಡಬೇಕು ಎಂಬ ನಿಯಮವಿತ್ತು, ಬರೆಯುತ್ತಲೂ ಇದ್ದರು. ಮೇಜಿನ ಮೇಲೆ ಇಟ್ಟ ಚಿತ್ರದ ಹಿಂಬದಿಯನ್ನು ಯಾರು ನೋಡುತ್ತಾರೆ?

ಹದ್ದಮ್ಮ ನೋಡಲಿಲ್ಲ. ಒಂದು ಬೆಳಿಗ್ಗೆ ಎಡಕ್ಕೆ ಹಳೆಯ ಚಿತ್ರ, ಬಲಕ್ಕೆ ಹೊಸ ಚಿತ್ರ ಇಟ್ಟುಕೊಂಡು, ಎರಡೂ ಹೊಸವು ಎಂದೇ ನಂಬಿ ಕೂತಳು. ಗುಡ್ಡ ಎಂದಿನಂತೆ ಎದ್ದಿತು. ಆದರೆ ಮೆಟ್ಟಿಲು ಬೀದಿಯ ಮಧ್ಯಭಾಗ, ನಾಲಿಗೆಯ ಆಕಾರದ ಒಂದು ತುಂಡು, ಮನೆಗಳನ್ನು ಹೊತ್ತುಕೊಂಡು ಸುತ್ತಲಿನ ನೆಲಕ್ಕಿಂತ ಮೇಲಕ್ಕೆ ಉಬ್ಬಿತ್ತು. ಬಾತ ಕೆನ್ನೆಯಂತೆ. ಆ ಬೀದಿಯಲ್ಲಿ ಆಕೆ ಪ್ರತಿ ವಾರ ನಡೆಯುತ್ತಿದ್ದಳು. ಅಲ್ಲಿ ಅಂಥ ದಿಬ್ಬ ಇರಲಿಲ್ಲ.

ಚಿತ್ರ ಸರಿಸಿದಳು, ಮಸೂರ ಒರೆಸಿದಳು, ಎದ್ದು ಹೋಗಿ ಚಹಾ ಕುಡಿದು ಬಂದಳು. ದಿಬ್ಬ ಅಲ್ಲೇ ಇತ್ತು. ಆಮೇಲೆ ಅತ್ತಿಗೆಯ ಮನೆಯ ಹಿಂದೆ ಏನೋ ಮಿನುಗುವುದು ಕಣ್ಣಿಗೆ ಬಿತ್ತು. ಎರಡು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಇರುವ ವಸ್ತು ಹಾಗೆ ಮಿನುಗುತ್ತದೆ, ಒಂದು ಕಣ್ಣು ಇದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಮಿನುಗುತ್ತಿದ್ದದ್ದು ಅಡುಗೆಮನೆ. ಅದನ್ನು ಅತ್ತಿಗೆ ಕಟ್ಟಿಸಿದ್ದು ಐದಾರು ವರ್ಷಗಳ ಕೆಳಗೆ. ಆಗ ಚಿತ್ರ ಮಗುಚಿ ನೋಡಿದಳು, ಎರಡು ತಾರೀಕು.

ತಪ್ಪು ತಿಳಿಯಿತು, ತಿದ್ದಿದಳು. ಹೊಸದಕ್ಕೆ ಹೊಸದನ್ನು ಜೋಡಿಸಿದಳು, ದಿಬ್ಬ ಮಾಯ. ಹಳೆಯದಕ್ಕೆ ಹಳೆಯದು, ಆಗಲೂ ಇಲ್ಲ. ಸರಿಯಾದ ಜೋಡಿ ಎರಡೂ ಒಂದೇ ಮಾತು ಹೇಳಿದವು: ಇಳಿಜಾರು ಸಲೀಸಾಗಿದೆ. ನಕ್ಷೆ ಬರೆದು ಕೊಟ್ಟಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು, ತಪ್ಪು ಜೋಡಣೆಯ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆಕೆಗೆ ಒಂದು ವಿಷಯ ಗೊತ್ತಿತ್ತು, ಅದೇ ಆಕೆಯನ್ನು ಬಿಡಲಿಲ್ಲ. ಸ್ಟೀರಿಯೋಸ್ಕೋಪು ಎತ್ತರವನ್ನು ನೋಡುವುದೇ ಇಲ್ಲ. ಅದು ನೋಡುವುದು ಒಂದು ಬಿಂದು ಎರಡು ಚಿತ್ರಗಳಲ್ಲಿ ಎಷ್ಟು ಸರಿದು ಕೂತಿದೆ ಎಂಬುದನ್ನು. ಆ ಸರಿಯುವಿಕೆಯನ್ನು ಮಿದುಳು ಎತ್ತರ ಎಂದು ಓದುತ್ತದೆ. ಎರಡು ಚಿತ್ರಗಳ ನಡುವೆ ಹತ್ತು ವರ್ಷ ಕಳೆದಿದ್ದು, ಆ ಹತ್ತು ವರ್ಷದಲ್ಲಿ ನೆಲವೇ ಸರಿದಿದ್ದರೆ, ಅದನ್ನೂ ಮಿದುಳು ಎತ್ತರ ಎಂದೇ ಓದುತ್ತದೆ. ದಿಬ್ಬ ಸುಳ್ಳಾಗಿರಬಹುದು. ನೆಲದ ನಡಿಗೆ ಸುಳ್ಳಾಗಬೇಕಿಲ್ಲ.

ನಡೆದಿದೆ ಎಂದಾದರೆ ಆ ಬೀದಿ ಇರುವ ಹಾಗಿಲ್ಲ, ಅತ್ತಿಗೆ ಮನೆ ಬಿಡಬೇಕು. ನಡೆದಿದ್ದರೂ ಬಾಯಿ ಬಿಡದಿದ್ದರೆ ಅದರ ಮೇಲೆ ಇನ್ನಷ್ಟು ಮನೆಗಳು ಏಳುತ್ತವೆ. ಹದ್ದಮ್ಮನ ಮುಂದೆ ಇದ್ದದ್ದು ಇಷ್ಟೇ. ಅದು ವಾರದ ಕೊನೆಯ ದಿನ, ಮುಖ್ಯಸ್ಥರು ಊರಲ್ಲಿರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು, "ಕಾಗದ ತಪ್ಪಿಟ್ಟೋಳು ನೀನು, ಮನೆ ಬಿಡಬೇಕಾದೋಳು ಅಕ್ಕ" ಎಂದ.

ಭಾನುವಾರ ಇಬ್ಬರೂ ಮೆಟ್ಟಿಲು ಬೀದಿಗೆ ಹೋದರು. ಹದ್ದಮ್ಮ ಗೋಡೆ ನೋಡಿದಳು, ಮೆಟ್ಟಿಲು ನೋಡಿದಳು. ಅಲ್ಲಿ ಇಲ್ಲಿ ಬಿರುಕು ಇದ್ದವು, ಬಿರುಕಿಲ್ಲದ ಮನೆ ಯಾವ ಊರಲ್ಲಿದೆ? ಅತ್ತಿಗೆ ತಮ್ಮನನ್ನು ಕಂಡ ಕೂಡಲೇ ಗಡಿಯಾರದ ದೂರು ತೆಗೆದಳು. ಮತ್ತೆ ನಿಂತಿದೆ. ಊರವರ ಗಡಿಯಾರ ರಿಪೇರಿ ಮಾಡಿ ಹೆಸರು ತಗೊಂಡವನಿಗೆ ಅಕ್ಕನ ಮನೆಯ ಒಂದು ಗಡಿಯಾರ ನಡೆಸಲು ಆಗುವುದಿಲ್ಲ, ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಎಂದಳು. ವರ್ಷಕ್ಕೆ ಎರಡು ಮೂರು ಸಲ ಕೇಳುವ ಮಾತು ಅದು. ಅವನು ಎಂದಿನಂತೆ ಕುರ್ಚಿ ಎಳೆದು ಹತ್ತಿದ.

ಲೋಲಕದ ಗಡಿಯಾರಕ್ಕೆ ನೆಟ್ಟಗೆ ನಿಲ್ಲಬೇಕೆಂಬ ಹಟವಿದೆ. ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿದರೆ ಟಿಕ್ಕಿಗೂ ಟಕ್ಕಿಗೂ ಸಮ ಹೊತ್ತು ಸಿಗುವುದಿಲ್ಲ, ಕುಂಟುತ್ತದೆ, ಕೊನೆಗೆ ನಿಲ್ಲುತ್ತದೆ. ಅವನು ಕಿವಿಗೊಟ್ಟು, ಪೆಟ್ಟಿಗೆಯನ್ನು ಮೊಳೆಯ ಮೇಲೆ ಒಂದಿಷ್ಟು ತಿರುಗಿಸಿ, ಸದ್ದು ಸಮವಾದ ಮೇಲೆ ಕೈ ಬಿಟ್ಟ. ಇಳಿದು ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಗೋಡೆಯ ಮೇಲೆ ಗಡಿಯಾರ ಕಣ್ಣಿಗೆ ಹೊಡೆಯುವಷ್ಟು ಸೊಟ್ಟ. ಸುತ್ತ ಹಳೆಯ ಸುಣ್ಣದಲ್ಲಿ ಪೆಟ್ಟಿಗೆಯ ಅಂಚಿನ ಗುರುತುಗಳು ಒಂದರ ಪಕ್ಕ ಒಂದು, ಬೀಸಣಿಗೆಯ ಕಡ್ಡಿಗಳಂತೆ, ಎಲ್ಲವೂ ಒಂದೇ ಕಡೆಗೆ. ಪ್ರತಿ ಸಲ ಬಂದಾಗಲೂ ಅವನು ಗಡಿಯಾರವನ್ನು ಅದೇ ಕಡೆಗೆ ತಿರುಗಿಸಿದ್ದ. ಪ್ರತಿ ಸಲವೂ ತಪ್ಪು ಗಡಿಯಾರದ್ದು ಎಂದುಕೊಂಡಿದ್ದ.

"ಅಕ್ಕಾ, ಒಂದು ದಾರ ಕೊಡು" ಎಂದ. ಅದರ ತುದಿಗೆ ಹೊಲಿಗೆ ಯಂತ್ರದ ಬಾಬಿನು ಕಟ್ಟಿ ಗೋಡೆಯ ಮೂಲೆಯಲ್ಲಿ ಇಳಿಬಿಟ್ಟ. ದಾರ ಗಡಿಯಾರದ ಪೆಟ್ಟಿಗೆಗೆ ಸಮವಾಗಿ ನಿಂತಿತು, ಗೋಡೆಗೆ ನಿಲ್ಲಲಿಲ್ಲ. ಅವನು ಹೆಂಡತಿಯ ಕಡೆ ನೋಡಿ, "ಸೋಮವಾರ ಹೋಗಿ ಹೇಳು" ಎಂದಷ್ಟೇ ಹೇಳಿದ. ಏನು ಹೇಳಬೇಕು, ಯಾರಿಗೆ ಎಂದು ಅತ್ತಿಗೆ ಕೇಳಿದಳು. ಅವನು ದಾರ ಸುತ್ತಿ ಬಾಬಿನನ್ನು ಅವಳ ಕೈಗೆ ಕೊಟ್ಟ.

ಮುಖ್ಯಸ್ಥರು ನಿಧಾನದ ಮನುಷ್ಯ. ಯಾವ ಸುದ್ದಿಗೂ ಕುರ್ಚಿ ಹಿಂದೆ ಸರಿಸುವವರಲ್ಲ. ಹದ್ದಮ್ಮ ನಡೆದದ್ದನ್ನೆಲ್ಲ, ತನ್ನ ತಪ್ಪಿನಿಂದ ಮೊದಲು ಮಾಡಿ, ಹೇಳಿದಳು.

"ನೋಡಿಮ್ಮ, ತಪ್ಪು ಜೋಡಿಯಿಂದ ಎದ್ದ ಗುಡ್ಡ ಗುಡ್ಡ ಅಲ್ಲ. ನಾನು ಅದನ್ನ ಹೇಗೆ ಬರೀಲಿ?"

"ಗುಡ್ಡ ಅಂತ ನಾನೂ ಹೇಳ್ತಿಲ್ಲ ಸರ್. ನೀವೇ ಒಂದ್ಸಲ ಕೂತು ನೋಡಿ."

ಅವರು ಕೂತರು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ದಿಬ್ಬ ಇದೆ ಎಂದರು. ಹದ್ದಮ್ಮ ಎರಡೂ ಚಿತ್ರ ತೆಗೆದು, ಈ ಸಲ ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಬರುವಂತೆ ಬೇರೆ ಜೋಡಿ ಇಟ್ಟಳು. ಗುಡ್ಡದ ಉಳಿದ ಭಾಗವೆಲ್ಲ ಇದ್ದ ಹಾಗೆಯೇ ಇತ್ತು. ನಾಲಿಗೆಯಾಕಾರದ ತುಂಡು ಮಾತ್ರ ತಟ್ಟೆಯಂತೆ ಕೆಳಗೆ ಕುಸಿದಿತ್ತು. ಮುಖ್ಯಸ್ಥರು ತಲೆ ಎತ್ತದೆ ಮತ್ತೆ ಮೊದಲಿನ ಜೋಡಿ ಇಡಲು ಹೇಳಿದರು. ದಿಬ್ಬ. ಮತ್ತೆ ಎರಡನೆಯದು. ಹಳ್ಳ. ಒಂದೇ ನೆಲ ನೋಡುವವರ ಇಷ್ಟದಂತೆ ಉಬ್ಬುವುದೂ ತಗ್ಗುವುದೂ ಸಾಧ್ಯವಿಲ್ಲ. ಕಾಲದ ಕ್ರಮ ಬದಲಾದರೆ ಉಬ್ಬು ತಗ್ಗಾಗುವುದು ಒಂದೇ ಸಂದರ್ಭದಲ್ಲಿ: ನೆಲ ನಡೆದಿದ್ದರೆ. ವಿಮಾನ ಹಾರಿದ ಗೆರೆಯೂ ಗುಡ್ಡ ಜಾರುವ ದಿಕ್ಕೂ ಹೆಚ್ಚುಕಡಿಮೆ ಒಂದೇ ಆಗಿದ್ದದ್ದು ಅದೃಷ್ಟ. ಅಡ್ಡಲಾಗಿ ಹಾರಿದ್ದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ.

"ಅಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ?" ಎಂದು ಮುಖ್ಯಸ್ಥರು ಕೇಳಿದರು.

"ನಮ್ಮತ್ತಿಗೆ ಇದ್ದಾರೆ ಸರ್."

ಹಾಗಾದರೆ ಆಕೆಯೊಬ್ಬಳ ಮಾತು ಸಾಲದು ಎಂದು ಅವರು ತೀರ್ಮಾನಿಸಿದರು. ಅದು ಸರಿಯಾದ ತೀರ್ಮಾನ. ಪಕ್ಕದ ಮೇಜಿನ ನಕ್ಷೆಗಾರನನ್ನು ಕರೆದು, ವಿಷಯ ತಿಳಿಸದೆ, ಎರಡೂ ಜೋಡಿ ಕೊಟ್ಟು, ಕಂಡದ್ದರ ಅಂಚು ಗೆರೆ ಹಾಕಲು ಹೇಳಿದರು. ಅವನ ಗೆರೆಯೂ ಹದ್ದಮ್ಮನ ಗೆರೆಯೂ ಬಹುತೇಕ ಕೂಡಿದವು. ಅಷ್ಟಕ್ಕೂ ಅವರು ತೃಪ್ತರಾಗಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ಈ ಕಚೇರಿಗೇ ಹೇಳಿ ಬರೆಸಿದ್ದು ಎಂದು, ನೆಲ ಅಳೆಯುವ ಮೋಜಣಿಯವರನ್ನು ಕಳಿಸಿ ಬೀದಿಯಲ್ಲಿ ಅಲ್ಲಲ್ಲಿ ಕಬ್ಬಿಣದ ಗೂಟ ಹೊಡೆಸಿದರು. ಎದುರು ಗುಡ್ಡದ ಗಟ್ಟಿ ಬಂಡೆಯಿಂದ ಅವುಗಳ ದೂರ ಅಳೆದರು. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದರು. ಹೊರಗಿನ ಗೂಟಗಳು ನಿಂತಲ್ಲೇ ಇದ್ದವು. ನಾಲಿಗೆಯೊಳಗಿನವು ಅಂಗೈ ಅಗಲದಷ್ಟು ಕೆಳಗೆ ಬಂದಿದ್ದವು. ದೂರದಿಂದ ಕಂಡದ್ದನ್ನು ನೆಲದಲ್ಲಿ ನಿಂತು ಪರೀಕ್ಷಿಸದೆ ಬರೆದುಕೊಟ್ಟ ನಕ್ಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಆ ಕಚೇರಿಯಿಂದ ಅಂಥದ್ದು ಹೋಗಲಿಲ್ಲ.

ವರದಿ ಹೋಯಿತು. ಮೇಲೆ ಹೊಸ ಮನೆಗಳ ಯೋಜನೆ ನಿಂತಿತು. ಮೆಟ್ಟಿಲು ಬೀದಿಯ ಮಧ್ಯಭಾಗ ಖಾಲಿ ಮಾಡಬೇಕೆಂದು ಆಡಳಿತ ತೀರ್ಮಾನಿಸಿ, ಬೇರೆ ಕಡೆ ಜಾಗ ಕೊಡುವುದಾಗಿ ಕಚೇರಿಗೆ ತಿಳಿಸಿತು. ಆ ಸುದ್ದಿ ನೋಟೀಸಿನಲ್ಲಿ ಬರುವ ಮೊದಲು ತಾನೇ ಹೇಳಬೇಕೆಂದು ಹದ್ದಮ್ಮ ಒಬ್ಬಳೇ ಅತ್ತಿಗೆಯ ಮನೆಗೆ ಹೋದಳು.

ಅತ್ತಿಗೆ ಕೇಳುವಷ್ಟನ್ನು ಕೇಳಿದಳು. ಕೈಯಲ್ಲಿದ್ದ ಅಂಗಿಯ ತೋಳು ಹೊಲಿದು ಮುಗಿಸಿದಳು.

"ದೂರದ ಬೆಟ್ಟ ನುಣ್ಣಗೆ ಅಂತಾರೆ. ನಿನಗೆ ಮಾತ್ರ ದೂರದಿಂದ ನೋಡಿದ್ರೆ ಬಿರುಕು ಕಾಣುತ್ತೆ."

"ಕಂಡಿದ್ದನ್ನ ಹೇಳಿದೆ ಅತ್ತಿಗೆ."

"ನನ್ನ ಮನೆಗೆ ಬಂದು, ನನ್ನ ಕೈಯಿಂದ ಉಂಡು, ಆಕಾಶದಿಂದ ನನ್ನ ಮನೆ ಒಡೆದೆಯಲ್ಲೇ. ಕೆಳಗೆ ನಿಂತು ಒಂದು ಮಾತು ಕೇಳೋಕೆ ಏನಾಗಿತ್ತು?"

"ಕೇಳಿದ್ರೆ ಏನಂತಿದ್ರಿ?"

"ಸುಮ್ನಿರು ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ಆ ದಿನ ಚಹಾ ಇಲ್ಲದೆ ಹದ್ದಮ್ಮ ಮೆಟ್ಟಿಲಿಳಿದು ಬಂದಳು. ಮುಖ್ಯಸ್ಥರ ಒಪ್ಪಿಗೆ ಪಡೆದು ಸ್ಟೀರಿಯೋಸ್ಕೋಪನ್ನೂ ಚಿತ್ರಗಳನ್ನೂ ತಂದು ತೋರಿಸುತ್ತೇನೆ ಎಂದು ಗಂಡನ ಮೂಲಕ ಹೇಳಿ ಕಳಿಸಿದಾಗ, ನನ್ನ ಮನೆಯ ಮಾಡು ನೋಡುವ ಆಸೆ ನನಗಿಲ್ಲ, ಅದರ ಕೆಳಗೆ ಇರುವ ಆಸೆ ಇದೆ ಎಂಬ ಉತ್ತರ ಬಂತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹೊರಟರು. ಅತ್ತಿಗೆ ಹೊರಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಗಂಡ ಹೆಂಡತಿಯ ನಡುವೆ ಆ ತಿಂಗಳುಗಳಲ್ಲಿ ಬೇಕಾದಷ್ಟೇ ಮಾತು. ಅವನು ಪ್ರತಿ ಸಂಜೆ ಅಂಗಡಿ ಮುಚ್ಚಿ ಅಕ್ಕನ ಮನೆ ಹತ್ತಿ ಇಳಿದು ಬರುತ್ತಿದ್ದ. ಮಳೆ ಬಂದ ದಿನ ಅವನು ಬರುವವರೆಗೆ ಹದ್ದಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಕೊನೆಗೆ ಅತ್ತಿಗೆಯನ್ನು ಇಳಿಸಿದ್ದು ವಿಜ್ಞಾನವೂ ಅಲ್ಲ, ತಮ್ಮನ ಕಣ್ಣೀರೂ ಅಲ್ಲ. ಗೂಟ ಹೊಡೆದು ಗೋಡೆಗಳ ಮೇಲೆ ಕೆಂಪು ಗುರುತು ಹಾಕಿದ ಬೀದಿಗೆ ಅಂಗಿಯ ಅಳತೆ ಕೊಡಲು ಯಾರು ಹತ್ತಿ ಬರುತ್ತಾರೆ? ಗಿರಾಕಿಗಳು ನಿಂತರು. ಹೊಲಿಯಲು ಬಟ್ಟೆಯಿಲ್ಲದೆ ಕೂರುವುದು ಅವಳಿಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಕೂಲಿಯವನ ತಲೆಯ ಮೇಲೆ ಯಂತ್ರ ಹೊರಿಸಿಕೊಂಡು ಬಂದು ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಇಳಿಸಿದಳು. "ಗುಡ್ಡ ಬೀಳಲಿಲ್ಲ, ನನ್ನ ಗಿರಾಕಿ ಬಿದ್ದುಹೋದ್ರು" ಎಂದು ಹದ್ದಮ್ಮನಿಗೆ ಕೇಳುವಂತೆ ಹೇಳಿ, ಕಿಟಕಿಯ ಬೆಳಕಿಗೆ ಯಂತ್ರ ತಿರುಗಿಸಿಕೊಂಡಳು.

ಆಮೇಲಿನ ವರ್ಷಗಳು ಮೂವರೂ ಒಂದೇ ಸೂರಿನಡಿ. ಅತ್ತಿಗೆಗೆ ಹೊಸ ಜಾಗ ಮಂಜೂರಾಯಿತು. ಮುದಿ ವಯಸ್ಸಿನಲ್ಲಿ ಎರಡನೇ ಸಲ ಮನೆ ಕಟ್ಟುವ ಹುಚ್ಚು ನನಗಿಲ್ಲ ಎಂದು ಅದನ್ನು ಬಿಟ್ಟುಕೊಟ್ಟಳು. ದೊಡ್ಡ ಮಳೆ ಬಂದು ನಿಂತ ಮಾರನೆಯ ದಿನ ತಪ್ಪದೆ ಒಂದು ಪ್ರಶ್ನೆ ಬರುತ್ತಿತ್ತು: ಬಿತ್ತಾ? ಇಲ್ಲ ಎಂದು ಹದ್ದಮ್ಮ ಹೇಳುತ್ತಿದ್ದಳು. ಹಾಗಾದರೆ ನಾನು ಇರಬಹುದಿತ್ತು ಎಂದು ಅತ್ತಿಗೆ. ಇರಬಹುದಿತ್ತು ಎಂದು ಹದ್ದಮ್ಮ. ಇದಕ್ಕೆ ಬೇರೆ ಪ್ರಾಮಾಣಿಕ ಉತ್ತರ ಇಲ್ಲ. ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಮುಂಜಾಗ್ರತೆ ಹೇಳುವವರು ಗುಡ್ಡ ಅಗೆದು ಇಲಿ ಹಿಡಿದವರಂತೆ ಕಾಣುವುದು ಲೋಕದ ರೂಢಿ, ಹದ್ದಮ್ಮ ಅದಕ್ಕೆ ಕೊರಗಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಅನ್ನ ಬಡಿಸಿದಳು.

ಕಚೇರಿಯಲ್ಲಿ ಕಾಲ ಬದಲಾಯಿತು. ವಿಮಾನದ ಬದಲು ಉಪಗ್ರಹ ಬಂತು, ಕಾಗದದ ಬದಲು ಪರದೆ. ಉಪಗ್ರಹ ದಿನಗಟ್ಟಲೆ ಸುತ್ತಿ ಮತ್ತೆ ಅದೇ ಜಾಗದ ಮೇಲೆ ಬರುತ್ತದೆ, ಬೇಡವೆಂದರೂ ಬರುತ್ತದೆ. ಅದು ಕಳಿಸುವುದು ಚಿತ್ರವಲ್ಲ, ಅಂಕೆಗಳ ಸಾಲು. ನೆಲದ ಒಂದೊಂದು ಚೌಕದಿಂದ ಯಾವ ಬಣ್ಣದ ಬೆಳಕು ಎಷ್ಟು ಬಂತು ಎಂಬ ಲೆಕ್ಕ. ಅದರಿಂದ ಯಾವ ಹೊಲದಲ್ಲಿ ಏನು ಬೆಳೆದಿದೆ, ಕಾಡಿಗೆ ಎಲ್ಲಿ ಬೆಂಕಿ ಬಿದ್ದಿದೆ, ನೆರೆ ಎಲ್ಲಿವರೆಗೆ ಹಬ್ಬಿದೆ ಎಂಬುದು ಒಂದೆರಡು ದಿನದಲ್ಲಿ ತಿಳಿಯುವಂತಾಯಿತು. ಹದ್ದಮ್ಮ ಪರದೆಯ ಮುಂದೆ ಕೂತು ಮೊದಲಿನಿಂದ ಕಲಿತಳು. ಕಲಿಯಲು ಕಷ್ಟವಾಯಿತು, ಅದನ್ನು ಮುಚ್ಚಿಡಲಿಲ್ಲ. ಕಿರಿಯರು ನೆರಳನ್ನು ಕೆರೆ ಎಂದು ಗುರುತಿಸಿದಾಗ ಆಕೆ ತಿದ್ದುವುದೂ, ಆಕೆ ಅಂಕೆ ತಪ್ಪಿಸಿದಾಗ ಅವರು ತಿದ್ದುವುದೂ ನಡೆಯಿತು.

ನಿವೃತ್ತಿಗೆ ಸ್ವಲ್ಪ ಮೊದಲು ರಾಡಾರ್ ಇರುವ ಉಪಗ್ರಹದ ಅಳತೆಗಳು ಬರತೊಡಗಿದವು. ಅದು ಸೂರ್ಯನ ಬೆಳಕಿಗೆ ಕಾಯುವುದಿಲ್ಲ. ತಾನೇ ಅಲೆ ಕಳಿಸಿ, ನೆಲಕ್ಕೆ ಬಡಿದು ಮರಳಿದ ಅಲೆಯನ್ನು ಓದುತ್ತದೆ. ಮೋಡ ಕವಿದಿದ್ದರೂ ಸರಿ, ಇರುಳಾದರೂ ಸರಿ. ಎರಡು ಸಲದ ಓದನ್ನು ಹೋಲಿಸಿದರೆ ನೆಲ ಬೆರಳಿನ ಅಗಲದಷ್ಟು ಸರಿದಿದ್ದರೂ ಗೊತ್ತಾಗುತ್ತದೆ. ಕಿರಿಯರು ಊರಿನ ಗುಡ್ಡಗಳ ಲೆಕ್ಕ ಹಾಕಿದಾಗ ಹದ್ದಮ್ಮ ತಾನಾಗಿಯೇ ಮೆಟ್ಟಿಲು ಬೀದಿಯ ಹಳೆಯ ಗೆರೆಯನ್ನು ಅದರ ಮೇಲೆ ಇಟ್ಟು ನೋಡಲು ಕೇಳಿದಳು. ನಾಲಿಗೆ ಈಗಲೂ ನಡೆಯುತ್ತಿತ್ತು. ಮೇಲೆ ಕಾಲುವೆ ತೋಡಿ ನೀರನ್ನು ಬೇರೆ ಕಡೆ ತಿರುಗಿಸಿದ ಮೇಲೆ ನಿಧಾನವಾಗಿತ್ತು, ನಿಂತಿರಲಿಲ್ಲ. ಆದರೆ ಕೆಳತುದಿಯಲ್ಲಿ ಎರಡು ಮನೆಗಳು ನಾಲಿಗೆಯ ಹೊರಗೆ ಉಳಿದವು. ಆ ಎರಡು ಮನೆಗಳ ಕೆಳಗಿನ ನೆಲ ಅಲುಗಿರಲೇ ಇಲ್ಲ. ಹದ್ದಮ್ಮನ ಗೆರೆ, ನಕ್ಷೆಗಾರನ ಗೆರೆ, ಎರಡೂ ಅಲ್ಲಿ ತಪ್ಪಿದ್ದವು. ಆ ತುದಿಯಲ್ಲಿ ಗೂಟ ಹೊಡೆದಿರಲಿಲ್ಲ, ಕಡಿದಾದ ಜಾಗ ಎಂದು ಬಿಟ್ಟಿದ್ದರು. ಎರಡು ಸಂಸಾರಗಳು ಸುಮ್ಮನೆ ಮನೆ ಬಿಟ್ಟು ಹೋಗಿದ್ದವು.

ಆಕೆ ಅದನ್ನು ಬರೆದು ಕೊಟ್ಟಳು. ಆ ಎರಡು ಮನೆಯವರನ್ನು ಹುಡುಕಿಕೊಂಡು ಹೋಗಿ ಬಾಯಲ್ಲೂ ಹೇಳಿದಳು. ಒಬ್ಬರು ಮಾತು ಮುಗಿಯುವ ಮೊದಲು ಬಾಗಿಲು ಹಾಕಿದರು. ಇನ್ನೊಬ್ಬರು ಈಗಿನ ಮನೆಯಲ್ಲಿ ನೀರು ಚೆನ್ನಾಗಿ ಬರುತ್ತದೆ, ಹೋಗಲಿ ಬಿಡಿ ಎಂದು ಕೂರಿಸಿದರು.

ಸಂಜೆ ಮನೆಗೆ ಬಂದಾಗ ಅತ್ತಿಗೆ ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಮಂಜಾಗಿದ್ದರಿಂದ ಈಗ ದೊಡ್ಡ ಕೆಲಸ ಹಿಡಿಯುತ್ತಿರಲಿಲ್ಲ. ಹದ್ದಮ್ಮ ಎದುರಿಗೆ ಕೂತು, ತನ್ನ ಗೆರೆ ತಪ್ಪಿದ್ದನ್ನು, ಎರಡು ಮನೆಗಳನ್ನು ಅನ್ಯಾಯವಾಗಿ ಬಿಡಿಸಿದ್ದನ್ನು, ಏನೂ ಬಿಡದೆ ಹೇಳಿದಳು. ಅತ್ತಿಗೆಯ ಸೂಜಿ ನಿಂತಿತು. ಗಂಡನೂ ಒಳಗಿಂದ ಬಂದು ಬಾಗಿಲ ಹತ್ತಿರ ನಿಂತ.

"ನನ್ನದು?" ಎಂದು ಅತ್ತಿಗೆ ಕೇಳಿದಳು.

"ನಿಮ್ಮದು ಒಳಗೇ ಇದೆ ಅತ್ತಿಗೆ. ನಟ್ಟನಡುವೆ. ಎಲ್ಲಕ್ಕಿಂತ ಹೆಚ್ಚು ನಡೆದಿರೋದು ಅದೇ."

"ಎಷ್ಟು?"

"ನೀವು ಬಿಟ್ಟು ಬಂದ ಮೇಲೆ ಒಂದು ಮಾರು ಇರಬಹುದು."

ಅತ್ತಿಗೆ ಎರಡೂ ತೋಳು ಚಾಚಿ ಆ ಒಂದು ಮಾರನ್ನು ಅಳೆದು ನೋಡಿದಳು. ಇಷ್ಟು ವರ್ಷ ಬಿದ್ದಿಲ್ಲ ಎಂಬುದನ್ನೇ ಹಿಡಿದು ವಾದಿಸಿದವಳು ಅವಳು. ಹದ್ದಮ್ಮ ಏಟಿಗೆ ಸಿದ್ಧಳಾಗಿಯೇ ಕೂತಿದ್ದಳು.

"ಸದ್ಯ" ಎಂದಳು ಅತ್ತಿಗೆ. "ಅದು ಗಟ್ಟಿ ನಿಂತಿದೆ ಅಂತೇನಾದ್ರೂ ನೀನು ಇವತ್ತು ಬಂದು ಹೇಳಿದ್ರೆ, ಈ ವಯಸ್ಸಲ್ಲಿ ನಾನು ಏನು ಮಾಡಬೇಕಿತ್ತು?"

ಆಮೇಲೆ ಸೂಜಿಯನ್ನೂ ದಾರವನ್ನೂ ಹದ್ದಮ್ಮನ ಕಡೆ ಚಾಚಿ, ತನಗೆ ಕಣ್ಣು ಕಾಣುವುದಿಲ್ಲ, ಪೋಣಿಸಿಕೊಡು ಎಂದಳು.